ಪ್ರೇಮಭಂಗ: ಈ ನೋವು ನಾಟಕವಲ್ಲ

ತಾಯಿಯೊಬ್ಬರು ಇಪ್ಪತ್ತೆರಡು ವರ್ಷದ ಮಗನನ್ನು ಗಿಲ್ಲೆಸುಗೂರಿನ ನನ್ನ ದವಾಖಾನೆಗೆ ಕರೆತಂದರು. "ಸಾಹೇಬ್ರ, ಎದಿ ನೋವು ಅಂತಾನ. ಹದಿನೈದು ದಿನ ಆತು, ಉಣವಲ್ಲ, ಮಲಗವಲ್ಲ" ಎಂದರು. ನಾಡಿ, ರಕ್ತದೊತ್ತಡ, ಇ.ಸಿ.ಜಿ. ಎಲ್ಲವೂ ಸರಿಯಾಗಿದ್ದವು. ತಾಯಿಯನ್ನು ಹೊರಗೆ ಕೂಡಿಸಿ ಕೇಳಿದಾಗ ವಿಷಯ ತಿಳಿಯಿತು. ಮೂರು ವರ್ಷ ಪ್ರೀತಿಸಿದ ಹುಡುಗಿ, ಇನ್ನು ಮಾತು ಬೇಡ ಎಂದಿದ್ದಳು. "ಎಲ್ರೂ ನಾಟಕ ಅಂತಾರ ಸರ್, ಖರೇನ ನೋಯ್ತದ" ಎಂದ.

ಅವನು ಹೇಳಿದ್ದು ನಿಜ. 2011ರಲ್ಲಿ ಅಮೆರಿಕದ ಸಂಶೋಧಕರು ಪ್ರೇಮಭಂಗವಾದವರಿಗೆ ಹಳೆಯ ಸಂಗಾತಿಯ ಭಾವಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಕೈಗೆ ಬಿಸಿ ತಾಗಿದಾಗ ಚುರುಕಾಗುವ ಕೆಲವು ಭಾಗಗಳೇ ಆಗಲೂ ಚುರುಕಾದವು. ಮನಸ್ಸಿನ ಒತ್ತಡದಿಂದ ಅಡ್ರಿನಲಿನ್‌ನಂಥ ಹಾರ್ಮೋನುಗಳು ಹೆಚ್ಚಿದಾಗ ಎದೆ ಬಡಿತ ಏರುತ್ತದೆ, ಹಸಿವು ಸಾಯುತ್ತದೆ, ನಿದ್ದೆ ಕೆಡುತ್ತದೆ. ಹಾಗೆಂದು ಎದೆನೋವನ್ನು ಮನಸ್ಸಿನದೇ ಎಂದು ನೀವೇ ತೀರ್ಮಾನಿಸಬೇಡಿ. ಒಮ್ಮೆ ವೈದ್ಯರಿಗೆ ತೋರಿಸಿ.

ನೊಂದವರು ಏನು ಮಾಡಬೇಕು? ನಂಬಿಕೆಯ ಒಬ್ಬರ ಮುಂದೆಯಾದರೂ ಬಾಯಿ ಬಿಡಿ. ಅಳು ಬಂದರೆ ಅತ್ತುಬಿಡಿ. ಅದು ಗಂಡಸಿಗೂ ತಪ್ಪಲ್ಲ. ಸೇರದಿದ್ದರೂ ಹೊತ್ತಿಗೆ ಸರಿಯಾಗಿ ಸ್ವಲ್ಪ ಉಣ್ಣಿ. ಹೊಲವೋ, ಅಂಗಡಿಯೋ, ಕಾಲೇಜೋ, ದಿನದ ಕೆಲಸ ಬಿಡಬೇಡಿ. ಮೊಬೈಲಿನಲ್ಲಿ ಹಳೆಯ ಫೋಟೊ, ಅವರ ಸ್ಟೇಟಸ್ ನೋಡುತ್ತ ಕೂಡುವುದು ಗಾಯದ ಹಕ್ಕಳೆ ಕಿತ್ತಂತೆ. ಕುಡಿತ ನೋವು ಮರೆಸುವುದಿಲ್ಲ. ನಿದ್ದೆಯನ್ನೂ ವಿವೇಕವನ್ನೂ ಕೆಡಿಸುತ್ತದೆ. ನಿದ್ದೆಗುಳಿಗೆಯನ್ನು ಸ್ವಂತಕ್ಕೆ ತಂದು ನುಂಗಬೇಡಿ. ಬೇಡ ಎಂದವರ ಹಿಂದೆ ಬೀಳುವುದು, ಪದೇ ಪದೇ ಫೋನ್ ಮಾಡುವುದು ಅವರಿಗೆ ಹಿಂಸೆ, ಕಾನೂನಿನಲ್ಲಿ ಅಪರಾಧ.

ಇನ್ನು ಹಿರಿಯರಿಗೆ ಎರಡು ಮಾತು. "ಇಷ್ಟಕ್ಕೆಲ್ಲ ಅಳೋದೇನು" ಎನ್ನಬೇಡಿ. ಮಗಳಾದರೆ ಹೊಡೆದು ಮನೆಯಲ್ಲಿ ಕೂಡಿಹಾಕಿ, ಕಾಲೇಜು ಬಿಡಿಸಿ, ಗಡಿಬಿಡಿಯಲ್ಲಿ ಲಗ್ನ ಮಾಡುವುದು ಪರಿಹಾರವಲ್ಲ. ಎರಡು ವಾರ ಕಳೆದರೂ ಬೇಸರ, ನಿದ್ರಾಹೀನತೆ ದಿನವೂ ಕಾಡುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

"ಸಾಯಬೇಕು ಅನಿಸುತ್ತದೆಯೇ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ವಿಚಾರ ತಲೆಗೆ ಬರುವುದಿಲ್ಲ. ಎದೆಯ ಭಾರ ಇಳಿಯುತ್ತದೆ. ನಾನು ಕೇಳಿದಾಗ ಆ ಹುಡುಗ ತಲೆ ತಗ್ಗಿಸಿದ. ಅವನಿಗೆ ಹೇಳಿಯೇ ತಾಯಿಯನ್ನು ಒಳಗೆ ಕರೆದೆ. ಹತ್ತಿ, ಭತ್ತಕ್ಕೆ ಹೊಡೆಯುವ ಔಷಧಿ ನಮ್ಮ ಕಡೆ ಎಷ್ಟೋ ಮನೆಗಳ ಮೂಲೆಯಲ್ಲೇ ಇರುತ್ತದೆ. ಅದನ್ನು ಅಂದೇ ಮನೆಯಿಂದ ಹೊರಹಾಕಿಸಿದೆ, ಅವನನ್ನು ಒಂಟಿಯಾಗಿ ಬಿಡದಂತೆ ಹೇಳಿದೆ, ಮನೋವೈದ್ಯರ ಬಳಿ ಕಳಿಸಿದೆ. ಸಾಯುವ ಆವೇಗ ಹಲವರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಅನಾಹುತ ಮಾಡಿಕೊಂಡಿದ್ದರೆ ಕೇಸಿಗೆ ಹೆದರಿ ಮುಚ್ಚಿಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದು ಪರಿಗಣಿಸುತ್ತದೆ.

ಮೂರು ತಿಂಗಳ ನಂತರ ಆ ಹುಡುಗ ಮತ್ತೆ ಬಂದಿದ್ದ. "ಪೂರಾ ಮರ್ತಿಲ್ಲ ಸರ್. ಆದ್ರ ರೊಟ್ಟಿ ರುಚಿ ಹತ್ತಾಕತ್ತದ" ಎಂದ. ಗುಣವಾಗುವ ಬಗೆಯೇ ಹಾಗೆ.