ವಸ್ತುವಿಗೊಂದು ವಿಳಾಸವಿರಲಿ

ಪ್ರತಿಯೊಂದು ಮನೆಯಲ್ಲೂ ಯಾವ ವಸ್ತು ಎಲ್ಲಿದೆ ಎಂಬುದನ್ನು ಪೂರ್ಣವಾಗಿ ಬಲ್ಲವರು ಒಬ್ಬರಿರುತ್ತಾರೆ. ಬಹುಪಾಲು ಮನೆಗಳಲ್ಲಿ ಅವರು ತಾಯಿ. ಅವರು ಎದುರಿಗಿರುವಷ್ಟು ಕಾಲ ಆ ಅರಿವಿನ ಬೆಲೆ ಉಳಿದವರಿಗೆ ತಿಳಿಯುವುದಿಲ್ಲ.

ಒಂದು ರಾತ್ರಿ ನಮ್ಮ ತಾಯಿ ಹಠಾತ್ತನೆ ಆಸ್ಪತ್ರೆ ಸೇರಿದಾಗ ನಮಗೆ ಅದು ತಿಳಿಯಿತು. ಹಿಂದಿನ ಹೃದಯ ತಪಾಸಣೆಯ ವರದಿಗಳು ಬೇಕೆಂದು ವೈದ್ಯರು ಕೇಳಿದರು. ಮನೆಗೆ ಧಾವಿಸಿ ಎರಡು ಕಪಾಟುಗಳನ್ನೂ ಅಟ್ಟದ ಮೇಲಿನ ಪೆಟ್ಟಿಗೆಗಳನ್ನೂ ಬೆಳಗಿನ ಜಾವದವರೆಗೆ ತಡಕಿದೆವು. ವರದಿಗಳು ಸಿಗಲಿಲ್ಲ, ತಪಾಸಣೆಗಳನ್ನು ಮತ್ತೆ ಮಾಡಿಸಬೇಕಾಯಿತು. ಮೂರನೆಯ ದಿನ ಚೇತರಿಸಿಕೊಂಡ ತಾಯಿ, “ಸೀರೆಗಳ ಅಡಿಯಲ್ಲಿ ಬಿಸ್ಕತ್ತಿನ ಡಬ್ಬಿ ಇದೆಯಲ್ಲ ಮಗಾ, ಅದರಲ್ಲಿ” ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು.

ಅವರು ಮನೆಗೆ ಮರಳಿದ ಮೇಲೆ ಮನೆಯ ವಸ್ತುಗಳ ಪಟ್ಟಿಯೊಂದನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಲು ನಿಶ್ಚಯಿಸಿದೆವು. ಇಂತಹ ಕೆಲಸಕ್ಕಾಗಿಯೇ ರೂಪಿಸಿದ ತಂತ್ರಾಂಶಗಳಿವೆ. ಹೋಮ್‌ಬಾಕ್ಸ್ ಎಂಬುದು ಅವುಗಳಲ್ಲೊಂದು. ಉಚಿತವಾಗಿ ದೊರೆಯುತ್ತದೆ, ನಮ್ಮದೇ ಕಂಪ್ಯೂಟರಿನಲ್ಲಿ ನಡೆಸಬಹುದು.

ಮೊದಲ ಯತ್ನದಲ್ಲಿ ನಾವು ಎಡವಿದೆವು. ಕಾಗದಪತ್ರ, ಬಟ್ಟೆ, ಪಾತ್ರೆ, ಹತ್ಯಾರು ಎಂದು ವಸ್ತುಗಳನ್ನು ಜಾತಿವಾರು ವಿಂಗಡಿಸಿದೆವು. ವರದಿಗಳು ಇವೆಯೇ ಎಂದು ಕೇಳಿದರೆ ಪಟ್ಟಿಯು ಇವೆ ಎನ್ನುತ್ತಿತ್ತು. ಎಲ್ಲಿ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ಗ್ರಂಥಾಲಯದಲ್ಲಿ ಈ ತೊಡಕು ಕಡಿಮೆ. ಅಲ್ಲಿ ಪುಸ್ತಕದ ವಿಷಯವೇ ಅದು ಯಾವ ಕಪಾಟಿನಲ್ಲಿರಬೇಕೆಂಬುದನ್ನು ನಿರ್ಧರಿಸುತ್ತದೆ. ಮನೆಯ ರೀತಿಯೇ ಬೇರೆ. ಕ್ರಿಸ್ಮಸ್ ಗೋದಲಿಯ ಬೊಂಬೆಗಳು, ಮಳೆಗಾಲದ ಕೊಡೆಗಳು, ತಂದೆಯವರ ಹಳೆಯ ರೇಡಿಯೊ ಒಂದೇ ಪೆಟ್ಟಿಗೆಯಲ್ಲಿ ಸಹಬಾಳ್ವೆ ನಡೆಸುತ್ತವೆ.

ಆದುದರಿಂದ ಸ್ಥಳವನ್ನೇ ಪಟ್ಟಿಯ ಬೆನ್ನೆಲುಬಾಗಿ ಮಾಡಿಕೊಂಡೆವು. ಮನೆಯೊಳಗೆ ಕೋಣೆ, ಕೋಣೆಯೊಳಗೆ ಕಪಾಟು, ಕಪಾಟಿನೊಳಗೆ ಖಾನೆ, ಖಾನೆಯೊಳಗೆ ಡಬ್ಬಿ. ಅಂಚೆಯ ವಿಳಾಸದಲ್ಲಿ ಊರು, ಬೀದಿ, ಮನೆ ಇರುವಂತೆಯೇ ಇದು. ಒಂದು ವಸ್ತುವಿಗೆ ಒಂದು ಸಮಯದಲ್ಲಿ ಒಂದೇ ಸ್ಥಳ. ಅದು ಕಾಗದಪತ್ರವೋ ಬಟ್ಟೆಯೋ ಎಂಬ ಗುರುತನ್ನು ಬೇರೆಯಾಗಿ, ಎಷ್ಟು ಬೇಕಾದರೂ ಅಂಟಿಸಿಕೊಳ್ಳಬಹುದು.

ಇಲ್ಲಿ ನಮ್ಮನ್ನು ತಿದ್ದಿದವರು ತಾಯಿಯೇ. ಡಬ್ಬಿಯಲ್ಲಿದ್ದ ಒಂದೊಂದು ಕಾಗದಕ್ಕೂ ‘ಪೂರ್ವದ ಕೋಣೆಯ ಕಪಾಟು’ ಎಂದು ನಾವು ಬರೆಯುತ್ತಿದ್ದುದನ್ನು ಕಂಡು, “ನಾಳೆ ನಾನು ಡಬ್ಬಿಯನ್ನು ಬೇರೆ ಕಡೆ ಇಟ್ಟರೆ ಅಷ್ಟನ್ನೂ ತಿದ್ದುತ್ತೀಯಾ?” ಎಂದು ಕೇಳಿದರು. ಆ ಪ್ರಶ್ನೆಯಲ್ಲೇ ತಂತ್ರಾಂಶದ ಮರ್ಮವಿತ್ತು. ಡಬ್ಬಿಯನ್ನು ಒಂದು ವಸ್ತುವೆಂದು ಬರೆಯದೆ ಒಂದು ಸ್ಥಳವೆಂದು ಬರೆದರೆ, ಅದರ ವಿಳಾಸವೊಂದನ್ನು ಬದಲಿಸಿದರೆ ಸಾಕು. ಒಳಗಿರುವುದೆಲ್ಲ ಅದರೊಡನೆಯೇ ಹೊಸ ಸ್ಥಳಕ್ಕೆ ಸಾಗುತ್ತದೆ. ಕೋಣೆಗಳಿಗೆ ಜನರ ಹೆಸರಿಡಬಾರದೆಂಬುದನ್ನೂ ಆಗಲೇ ಕಲಿತೆವು. ‘ಅಣ್ಣನ ಕೋಣೆ’ಯಲ್ಲಿ ಅಣ್ಣನಿಲ್ಲದೆ ಹತ್ತು ವರ್ಷಗಳಾಗಿವೆ, ಆತ ಕೊಲ್ಲಿಯಲ್ಲಿದ್ದಾನೆ.

ಬಳಿಕ ಪ್ರತಿಯೊಂದು ಪೆಟ್ಟಿಗೆಗೂ ಎಂದೂ ಬದಲಾಗದ ಒಂದು ಸಂಖ್ಯೆ ಕೊಟ್ಟು, ಕ್ಯೂಆರ್ ಸಂಕೇತದ ಚೀಟಿ ಅಂಟಿಸಿದೆವು. ಇಂದು ಅಂಗಡಿಯಲ್ಲಿ ಹಣ ಪಾವತಿಸಲು ಬಳಸುವ ಈ ಚೌಕ ಸಂಕೇತವನ್ನು ಜಪಾನಿನ ಡೆನ್ಸೊ ವೇವ್ ಸಂಸ್ಥೆ 1994ರಲ್ಲಿ ಹೊರತಂದದ್ದು ವಾಹನಗಳ ಬಿಡಿಭಾಗಗಳ ಜಾಡು ಹಿಡಿಯುವುದಕ್ಕಾಗಿ. ಹೀಗಾಗಿ ನಮ್ಮ ಅಟ್ಟದ ಪೆಟ್ಟಿಗೆಯ ಮೇಲೆ ಅದು ತನ್ನ ಮೂಲ ಕಸುಬನ್ನೇ ಮಾಡುತ್ತಿದೆ. ಫೋನನ್ನು ಅದರ ಮುಂದೆ ಹಿಡಿದರೆ, ಮುಚ್ಚಳ ತೆರೆಯದೆಯೇ ಒಳಗೇನಿದೆಯೆಂಬುದು ಕಾಣುತ್ತದೆ.

ಕೆಲವು ಎಚ್ಚರಿಕೆಗಳು ಅಗತ್ಯ. ಪ್ರತಿ ಚಮಚವನ್ನೂ ಬರೆಯಹೊರಟರೆ ವಾರದಲ್ಲೇ ಬೇಸರ ಬರುತ್ತದೆ. ಅಪರೂಪಕ್ಕೆ ಬೇಕಾಗುವ, ಆದರೆ ಬೇಕಾದಾಗ ಬೇಕೇಬೇಕಾಗುವ ವಸ್ತುಗಳನ್ನು ಮೊದಲು ಬರೆಯಬೇಕು. ಆಭರಣಗಳ ಸ್ಥಳವನ್ನು ಹಲವರು ನೋಡಬಹುದಾದ ಪಟ್ಟಿಯಲ್ಲಿ ಸೇರಿಸಬಾರದು. ಕಂಪ್ಯೂಟರು ಕೆಟ್ಟರೆ ಪಟ್ಟಿಯೂ ಕೈತಪ್ಪುವುದರಿಂದ ಅದರ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಸ್ತು ಸ್ಥಳ ಬದಲಿಸಿದ ದಿನವೇ ಪಟ್ಟಿಯೂ ಬದಲಾಗಬೇಕು. ಸುಳ್ಳು ವಿಳಾಸವು ವಿಳಾಸವಿಲ್ಲದಿರುವುದಕ್ಕಿಂತ ಹೆಚ್ಚು ಅಲೆಸುತ್ತದೆ. ನಮ್ಮಲ್ಲಿ ಜನವರಿಯಲ್ಲಿ ಗೋದಲಿಯ ಬೊಂಬೆಗಳನ್ನು ಕಟ್ಟಿಡುವ ದಿನ ಪಟ್ಟಿಯನ್ನೆಲ್ಲ ಒಮ್ಮೆ ತಾಳೆ ನೋಡುವ ರೂಢಿ ಮಾಡಿಕೊಂಡಿದ್ದೇವೆ.

ತಂತ್ರಾಂಶ ಕಷ್ಟವೆನಿಸಿದವರು ನೋಟುಪುಸ್ತಕದಲ್ಲೇ ಆರಂಭಿಸಬಹುದು. ಪೆಟ್ಟಿಗೆಗೊಂದು ಸಂಖ್ಯೆ, ಸಂಖ್ಯೆಗೊಂದು ಪುಟ. ಆದರೆ ಒಬ್ಬರೇ ಕುಳಿತು ಬರೆಯುವ ಕೆಲಸ ಇದಲ್ಲ. ನಾವು ಬರೆದ ಪಟ್ಟಿಯ ಮುಕ್ಕಾಲು ಭಾಗ ತಾಯಿ ಕುರ್ಚಿಯಲ್ಲಿ ಕುಳಿತು ಬಾಯಲ್ಲಿ ಹೇಳಿದ್ದು. ಮನೆಯ ಜಾಗದ ಪತ್ರ ಎಲ್ಲಿದೆ, ತಂದೆಯವರ ಪಿಂಚಣಿಯ ಕಾಗದ ಎಲ್ಲಿದೆ ಎಂದು ಹೇಳುತ್ತ ಹೇಳುತ್ತ ಅವರು ನಮಗೆ ಗೊತ್ತಿರದ ಎಷ್ಟೋ ಸಂಗತಿಗಳನ್ನು ತಿಳಿಸಿದರು.

ಈ ವಾರ ಓದುಗರು ಒಂದೇ ಒಂದು ಕಪಾಟಿನ ಮುಂದೆ ಕುಳಿತುಕೊಳ್ಳಲಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಲಿ. ಕೇಳಲು ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು.