ಕೊಂಬು ಎಣಿಸಿದ ಮೇಲೆಯೇ ಗುಂಡು

ಅಲಾಸ್ಕಾದ ಬ್ರೂಕ್ಸ್, ರಾಂಗೆಲ್, ಚುಗಾಚ್ ಬೆಟ್ಟಸಾಲುಗಳ ಕಡಿದಾದ ಬಂಡೆಗಳಲ್ಲಿ ಡಾಲ್ ಎಂಬ ಬಿಳಿ ಕಾಡುಕುರಿಗಳಿವೆ. ಇವುಗಳ ಟಗರಿನ ಬೇಟೆಗೆ ಬಹುಪಾಲು ಕಡೆ ಆಗಸ್ಟ್ 10ರಿಂದ ಸೆಪ್ಟೆಂಬರ್ 20ರವರೆಗೆ ಅವಕಾಶ. ತಯಾರಿ ಮಾತ್ರ ತಿಂಗಳುಗಟ್ಟಲೆ ಮೊದಲೇ ಶುರು. ಅದರಲ್ಲಿ ಬಂದೂಕಿನ ಪಾಲು ತೀರಾ ಕಡಿಮೆ.

ಮೊದಲು ಜೊತೆಗಾರ ಸಿಗಬೇಕು. ಅಮೆರಿಕದ ಬೇರೆ ರಾಜ್ಯದವರಿಗೆ ಪರವಾನಗಿಯುಳ್ಳ ಗೈಡ್ ಇಲ್ಲವೇ ಅಲಾಸ್ಕಾ ನಿವಾಸಿಯಾದ ಹತ್ತಿರದ ಸಂಬಂಧಿ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ಹಿಡಿದು ಹೋದವರಿಗೆ ನೆಂಟರಿದ್ದರೂ ಸಾಲದು, ಗೈಡ್ ಬೇಕೇ ಬೇಕು.

ರಸ್ತೆಯಿಲ್ಲದ ಕಣಿವೆಗೆ ಹೋಗುವುದು ಸೂಪರ್ ಕಬ್ ಎಂಬ ಪುಟ್ಟ ವಿಮಾನದಲ್ಲಿ. ದಪ್ಪ ಟೈರುಗಳ ಮೇಲೆ ನದಿಪಾತ್ರದ ಜಲ್ಲಿಕಲ್ಲಿನಲ್ಲೇ ಇಳಿಯುತ್ತದೆ. ಪೈಲಟ್ ಬಿಟ್ಟರೆ ಒಬ್ಬರಿಗಷ್ಟೇ ಜಾಗ. ಡೇರೆ, ಮಲಗುಚೀಲ, ಬುತ್ತಿ ಎಲ್ಲವೂ ತಕ್ಕಡಿ ಏರಿಯೇ ಬರಬೇಕು. ಹಾಗೆಂದು ಬುತ್ತಿ ಕಡಿಮೆ ಮಾಡುವಂತಿಲ್ಲ: ಮೋಡ ಕವಿದರೆ ಕರೆದೊಯ್ಯುವ ವಿಮಾನ ದಿನಗಟ್ಟಲೆ ಬಾರದಿರಬಹುದು. ಇಳಿದ ದಿನವೇ ಬೇಟೆಯೂ ಇಲ್ಲ. ಮರುದಿನ ಬೆಳಗಿನ ಜಾವ 3 ಗಂಟೆಯಾಗಬೇಕು. ಆಕಾಶದಿಂದ ಹಿಂಡು ನೋಡಿ ನೆಲಕ್ಕಿಳಿದು ಹೊಡೆಯುವುದು ಬೇಟೆಯೇ ಅಲ್ಲ ಎನ್ನುವ ಈ ನಿಯಮ ನ್ಯಾಯವಾದದ್ದೇ.

ನಿಜವಾದ ಪರೀಕ್ಷೆ ಕಣ್ಣಿನದು. ಪಕ್ಕದಿಂದ ನೋಡಿದಾಗ ಟಗರಿನ ಕೊಂಬು ಪೂರ್ತಿ ಒಂದು ಸುತ್ತು ಬಂದಿರಬೇಕು, ಇಲ್ಲವೇ ಎರಡೂ ತುದಿ ಮುರಿದಿರಬೇಕು, ಅದೂ ಅಲ್ಲದಿದ್ದರೆ ವಯಸ್ಸು ಕನಿಷ್ಠ 8 ಆಗಿರಬೇಕು. ಚಳಿಗಾಲದಲ್ಲಿ ಕೊಂಬಿನ ಬೆಳವಣಿಗೆ ನಿಂತು ವರ್ಷಕ್ಕೊಂದು ಗೆರೆ ಮೂಡುತ್ತದೆ. ಬೇಟೆಗಾರ ಜಾರುಕಲ್ಲುಗಳ ಮೇಲೆ ಬೋರಲು ಮಲಗಿ, ಮುಕ್ಕಾಲಿಯ ಮೇಲಿಟ್ಟ ದುರ್ಬೀನಿನಲ್ಲಿ ಅದನ್ನು ಎಣಿಸುತ್ತಾನೆ. ಟಗರು ತಲೆ ತಿರುಗಿಸಿದರೆ ಮತ್ತೆ ಮೊದಲಿನಿಂದ. ಕೊಂಬಿನ ಸಣ್ಣಪುಟ್ಟ ಏಣುಗಳೂ ಗೆರೆಯಂತೆ ಕಂಡು ಲೆಕ್ಕ ತಪ್ಪಿಸುತ್ತವೆ. ಅನುಮಾನವಿದ್ದರೆ ದಿನವಿಡೀ ಹತ್ತಿದ ಬೆಟ್ಟವನ್ನು ಬರಿಗೈಯಲ್ಲೇ ಇಳಿಯಬೇಕು.

ಹೊಡೆದ ಮೇಲೆ ಮೈ ಮುರಿಯುವ ಕೆಲಸ. ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ಮಾಂಸಕ್ಕಿಂತ ಮುಂಚೆ ಕೊಂಬನ್ನು ಸಾಗಿಸುವಂತಿಲ್ಲ. ತುಂಡು ಮಾಡಿ ಚೀಲಕ್ಕೆ ತುಂಬಿ, ಹೊರೆ ಹೊತ್ತು, ಕರಡಿ ಓಡಾಡುವ ಪೊದೆಗಳ ನಡುವೆ ಇಳಿಯಬೇಕು. ಅದಕ್ಕೇ ಅನುಭವಿ ಗೈಡ್‌ಗಳು ಟಗರು ಕಂಡ ಕೂಡಲೇ ಹೊರೆ ಹೊತ್ತು ವಾಪಸಾಗುವ ದಾರಿ ಹುಡುಕುತ್ತಾರೆ.

30 ದಿನದೊಳಗೆ ಕೊಂಬನ್ನು ರಾಜ್ಯದ ಮೀನುಗಾರಿಕೆ ಮತ್ತು ಬೇಟೆ ಇಲಾಖೆಗೆ ಒಯ್ಯಬೇಕು. ಸಿಬ್ಬಂದಿ ಗೆರೆ ಎಣಿಸಿ, ಅಳೆದು, ಎಲ್ಲ ಸರಿಯಿದ್ದರೆ ಮುದ್ರೆ ಹಾಕಿ ಕೊಡುತ್ತಾರೆ. ನಿಯಮಕ್ಕೆ ಹೊಂದದ ಕೊಂಬು ಮನೆಗೆ ಬರುವುದಿಲ್ಲ.