ಅಂಕಿಗಳಿಂದ ಕಥೆ ಹೇಳುವ ಬಗೆ: ಗ್ರಾಮದ ಲೆಕ್ಕದ ಫಲಕವನ್ನು ಜನರು ಓದುವಂತೆ ಮಾಡುವುದು ಹೇಗೆ?

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಏಜಿ., ಬರೆದುದು)

ಬೇಸಾಯವು ಜೀವನೋಪಾಯ ಮಾತ್ರವಲ್ಲದೆ ಒಂದು ವ್ಯಾಪಾರವೂ ಆಗಿರುವುದೆಂಬುದು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ತಿಳಿದ ವಿಷಯವೇ ಸರಿ. ವ್ಯಾಪಾರವೆಂದ ಮೇಲೆ ಲೆಕ್ಕವು ಬೇಕು. ಹಿಂದಿನ ಕಾಲದಲ್ಲಿ ಲೆಕ್ಕವು ದೊರೆಯುವುದೇ ದುರ್ಲಭವಾಗಿತ್ತು. ಈಗಲಾದರೋ ಅದರ ಕೊರತೆಯಿಲ್ಲ. ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಮಳೆಮಾಪಕಗಳು ಬಿದ್ದ ಮಳೆಯನ್ನು ತಾವಾಗಿಯೇ ಅಳೆದು ತಿಳಿಸುತ್ತಿವೆ. 2015ನೆಯ ಇಸವಿಯಿಂದ ಮಣ್ಣಿನ ಆರೋಗ್ಯದ ಚೀಟಿಗಳು ರೈತರ ಕೈಗೆ ಬಂದಿವೆ. 2016ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕೃಷಿ ಮಾರುಕಟ್ಟೆಯಿಂದ ದೂರದ ಮಂಡಿಯ ಧಾರಣೆಯು ಮನೆಯಲ್ಲಿ ಕುಳಿತವನಿಗೂ ತಿಳಿಯುವುದು. ಇಷ್ಟಿದ್ದರೂ ಈ ಅಂಕಿಗಳನ್ನು ನೋಡಿ ಬಿತ್ತನೆಯನ್ನಾಗಲಿ ಮಾರಾಟವನ್ನಾಗಲಿ ನಿಶ್ಚಯಿಸುವವರು ಎಷ್ಟು ಮಂದಿ? ಪಂಚಾಯತಿಯ ಗೋಡೆಯ ಮೇಲೆ ಬರೆದ ಪಟ್ಟಿಯನ್ನು ಓದದೆ ಅದರ ನೆರಳಿನಲ್ಲಿ ಕುಳಿತು ಮಾತನಾಡುವವರೇ ಹೆಚ್ಚು. ಇದು ರೈತರ ದೋಷವಲ್ಲ. ಪಟ್ಟಿಯನ್ನು ಬರೆದ ಕ್ರಮದ ದೋಷ. ಅದನ್ನು ತಿದ್ದುವ ಉಪಾಯವನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಡ್ಯಾಷ್‌ಬೋರ್ಡು ಎಂದರೇನು?

ಈಚೆಗೆ ಕಚೇರಿಗಳಲ್ಲಿಯೂ ವ್ಯಾಪಾರದ ಕಂಪೆನಿಗಳಲ್ಲಿಯೂ ಡ್ಯಾಷ್‌ಬೋರ್ಡು ಎಂಬ ಮಾತು ಬಳಕೆಗೆ ಬಂದಿರುವುದು. ಮೊದಲು ಈ ಹೆಸರು ಕುದುರೆಗಾಡಿಯ ಮುಂಭಾಗದ ಒಂದು ಹಲಗೆಗೆ ಇದ್ದಿತು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯವನಿಗೆ ತಗಲದಂತೆ ಅದು ತಡೆಯುತ್ತಿತ್ತು. ಮೋಟಾರು ಬಂದ ಮೇಲೆ ಅದೇ ಸ್ಥಳದಲ್ಲಿ ವೇಗ, ಎಣ್ಣೆ, ಶಾಖ ಇವುಗಳನ್ನು ತೋರಿಸುವ ಮುಳ್ಳುಗಳು ಕುಳಿತವು. ಈಗ ಒಂದು ಉದ್ಯಮದ ಮುಖ್ಯವಾದ ಅಂಕಿಗಳೆಲ್ಲವನ್ನೂ ಒಂದೇ ನೋಟಕ್ಕೆ ಕಾಣಿಸುವ ಕಂಪ್ಯೂಟರಿನ ಪರದೆಗೂ ಅದೇ ಹೆಸರಾಗಿದೆ. ಹಾಲಿನ ಸಂಘಗಳು, ರೈತ ಉತ್ಪಾದಕರ ಕಂಪೆನಿಗಳು, ಪಂಚಾಯತಿಗಳು ಎಲ್ಲವೂ ಇಂತಹ ಫಲಕಗಳನ್ನು ಇಟ್ಟುಕೊಳ್ಳಬಹುದು. ಪರದೆಯಿಲ್ಲದ ಕಡೆ ಸುಣ್ಣ ಬಳಿದ ಗೋಡೆಯೂ ಸಾಕು.

ಮೋಟಾರು ನಡೆಸುವವನು ಮುಳ್ಳನ್ನು ನೋಡುವುದು ಕುತೂಹಲದಿಂದಲ್ಲ, ಎಣ್ಣೆ ಹಾಕಿಸಬೇಕೇ ಬೇಡವೇ ಎಂಬುದನ್ನು ನಿಶ್ಚಯಿಸುವುದಕ್ಕಾಗಿ. ಯಾವ ಅಂಕಿಯಿಂದ ಯಾವ ನಿಶ್ಚಯವೂ ಹುಟ್ಟುವುದಿಲ್ಲವೋ ಆ ಅಂಕಿಗೆ ಫಲಕದಲ್ಲಿ ಸ್ಥಳವಿರಕೂಡದು.

ಲಂಡನ್ ನಗರದ ಒಂದು ಬಾವಿಯ ವೃತ್ತಾಂತ

ಅಂಕಿಗಳು ಕಥೆಯಾದಾಗ ಎಷ್ಟು ಬಲವುಳ್ಳವಾಗುವುವೆಂಬುದಕ್ಕೆ ಒಂದು ದೃಷ್ಟಾಂತವುಂಟು. 1854ನೆಯ ಇಸವಿಯ ಆಗಸ್ಟ್ ಕೊನೆಯಲ್ಲಿ ಲಂಡನ್ ನಗರದ ಬ್ರಾಡ್ ಬೀದಿಯ ಸುತ್ತಮುತ್ತ ಕಾಲರಾ ರೋಗವು ತಲೆದೋರಿ, ಹತ್ತು ದಿನಗಳೊಳಗಾಗಿ 500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕೆಟ್ಟ ಗಾಳಿಯಿಂದ ಈ ರೋಗವು ಹರಡುವುದೆಂದು ಆಗಿನ ಬಹುಮಂದಿ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನು ನೀರಿನಿಂದ ಹರಡುವುದೆಂದು ವಾದಿಸುತ್ತಿದ್ದನು. ಅವನು ಸತ್ತವರ ಪಟ್ಟಿಯನ್ನು ತರಿಸಿ, ಮನೆಮನೆಗೂ ಹೋಗಿ ಅವರು ಯಾವ ಬಾವಿಯ ನೀರನ್ನು ಕುಡಿದರೆಂದು ವಿಚಾರಿಸಿದನು. ಅನಂತರ ಆ ಬೀದಿಗಳ ನಕ್ಷೆಯಲ್ಲಿ ಸಾವು ಸಂಭವಿಸಿದ ಪ್ರತಿಯೊಂದು ಮನೆಯ ಬಳಿಯಲ್ಲಿಯೂ ಸಾವಿಗೊಂದರಂತೆ ಕಪ್ಪು ಗೆರೆಗಳನ್ನು ಗುರುತು ಮಾಡಿದನು. ಗೆರೆಗಳಲ್ಲಿ ಹೆಚ್ಚಿನವು ಬ್ರಾಡ್ ಬೀದಿಯ ಒಂದು ಪಂಪಿನ ಸುತ್ತಲೂ ಗುಂಪುಗೂಡಿದ್ದುವು.

ಸ್ನೋವಿನ ಮಾತಿಗೆ ಹೆಚ್ಚಿನ ಬಲವನ್ನು ಕೊಟ್ಟುದು ಎರಡು ಸಣ್ಣ ಸಂಗತಿಗಳು. ಆ ಪಂಪಿನ ಹತ್ತಿರದಲ್ಲಿಯೇ ಇದ್ದ ಬಿಯರ್ ತಯಾರಿಸುವ ಕಾರ್ಖಾನೆಯ ಕೆಲಸಗಾರರು ರೋಗದಿಂದ ಸಾಯಲಿಲ್ಲ. ಅವರು ಪಂಪಿನ ನೀರನ್ನು ಕುಡಿಯುತ್ತಲೇ ಇರಲಿಲ್ಲ. ಇನ್ನೊಂದು ಕಡೆ, ರೋಗವೇ ಇಲ್ಲದ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಒಬ್ಬ ವಿಧವೆಯು ಕಾಲರಾದಿಂದ ಮೃತಳಾದಳು. ಆಕೆಗೆ ಬ್ರಾಡ್ ಬೀದಿಯ ನೀರಿನ ರುಚಿಯು ಇಷ್ಟವಾಗಿದ್ದುದರಿಂದ ಅಲ್ಲಿಂದ ಅದನ್ನು ತರಿಸಿಕೊಂಡು ಕುಡಿಯುತ್ತಿದ್ದಳು. ಅಂಕಿಯನ್ನು ಮರೆತವರೂ ಈ ವಿಧವೆಯನ್ನು ಮರೆಯುವುದಿಲ್ಲ. ಸೆಪ್ಟೆಂಬರ್ 8 ರಂದು ಪಂಪಿನ ಹಿಡಿಯನ್ನು ತೆಗೆದುಹಾಕಲಾಯಿತು.

ಇದರಲ್ಲಿ ಗಮನಿಸತಕ್ಕ ಮತ್ತೊಂದು ವಿಷಯವೇನೆಂದರೆ, ಹಿಡಿಯನ್ನು ತೆಗೆಯುವ ವೇಳೆಗೆ ರೋಗವು ಆಗಲೇ ಇಳಿಮುಖವಾಗಿದ್ದಿತು. ಅದನ್ನು ಸ್ನೋವು ಮರೆಮಾಚದೆ ತಾನೇ ಬರೆದಿಟ್ಟನು. ತನ್ನ ಕಥೆಗೆ ಅನುಕೂಲವಲ್ಲದ ಅಂಕಿಯನ್ನೂ ಹೇಳುವವನ ಕಥೆಯನ್ನು ಮಾತ್ರ ನಂಬಬಹುದು.

ಹರಿಕಥೆಯವರಿಂದ ಕಲಿಯತಕ್ಕ ಅಂಶಗಳು

ಕಥೆ ಹೇಳುವ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಹರಿಕಥೆಯ ದಾಸರು ರಾತ್ರಿಯ ಕಾಲದಲ್ಲಿ, ದುಡಿದು ದಣಿದ ಜನರನ್ನು ನಾಲ್ಕಾರು ಗಂಟೆ ಕೂರಿಸಿಕೊಳ್ಳಬಲ್ಲರು. ಅವರ ಕ್ರಮವನ್ನೇ ಲೆಕ್ಕದ ಫಲಕಕ್ಕೂ ಅನ್ವಯಿಸಬಹುದು.

1. ಪೀಠಿಕೆ. ದಾಸರು ಈ ದಿನ ಯಾವ ಪ್ರಸಂಗವೆಂಬುದನ್ನು ಮೊದಲೇ ತಿಳಿಸುವರು. ಫಲಕದ ಮೇಲ್ಭಾಗದಲ್ಲಿಯೂ ಒಂದೇ ಒಂದು ಪ್ರಶ್ನೆಯಿರಬೇಕು. "ಅಂತರ್ಜಲದ ವಿವರ" ಎಂದು ಬರೆಯುವುದಕ್ಕಿಂತ "ಈ ಹಿಂಗಾರಿಗೆ ಬಾವಿಗಳ ನೀರು ಎಷ್ಟು ಎಕರೆಗೆ ಸಾಕು?" ಎಂದು ಬರೆಯುವುದು ಮೇಲು.

2. ಪಾತ್ರ. ಜನರು ಬಲ್ಲ ವಸ್ತುವೊಂದು ಕಥೆಯ ನಾಯಕನಾಗಬೇಕು. "ಸರಾಸರಿ ಜಲಮಟ್ಟ 14 ಮೀಟರು" ಎಂದರೆ ಯಾರ ಮನಸ್ಸಿಗೂ ನಾಟದು. "ದೇವಸ್ಥಾನದ ಮುಂದಿನ ಬಾವಿಯಲ್ಲಿ ಕಳೆದ ವರ್ಷ ಇದೇ ತಿಂಗಳು ಹನ್ನೆರಡು ಮೆಟ್ಟಿಲು ನೀರಿನಲ್ಲಿದ್ದುವು, ಈ ವರ್ಷ ಐದು ಮಾತ್ರ" ಎಂದರೆ ಮಕ್ಕಳಿಗೂ ಅರ್ಥವಾಗುವುದು.

3. ಕ್ರಮ. ಮೊದಲು ಏನಾಗಿತ್ತು, ಎಲ್ಲಿ ತಿರುಗಿತು, ಈಗೇನಾಗಿದೆ ಎಂಬ ಮೂರನ್ನೂ ಕಾಲಾನುಸಾರವಾಗಿ ತೋರಿಸಬೇಕು. ಗೆರೆಯು ಕೆಳಗಿಳಿಯಲು ಪ್ರಾರಂಭಿಸಿದ ಸ್ಥಳದಲ್ಲಿ ಅದರ ಕಾರಣವನ್ನು ಎರಡು ಮಾತಿನಲ್ಲಿ ಬರೆಯಬೇಕು.

4. ಹೋಲಿಕೆ. ಒಂಟಿಯಾದ ಅಂಕಿಯು ಮೂಕನಿದ್ದಂತೆ. ಕಳೆದ ವರ್ಷವನ್ನೋ, ವಾಡಿಕೆಯ ಮಳೆಯನ್ನೋ, ಪಕ್ಕದ ಗ್ರಾಮವನ್ನೋ ಜೊತೆಗಿಟ್ಟರೆ ಅದು ಮಾತನಾಡುವುದು.

5. ಉಪಕಥೆಯ ಮಿತಿ. ದಾಸರು ಉಪಕಥೆಗೆ ಹೋದರೂ ಮೂಲಕಥೆಗೆ ಹಿಂದಿರುಗುವರು. ಫಲಕದಲ್ಲಿ ಬಣ್ಣಬಣ್ಣದ ಚಿತ್ರಗಳನ್ನು ತುಂಬಿ ಮುಖ್ಯ ಪ್ರಶ್ನೆಯನ್ನು ಮುಳುಗಿಸಬಾರದು.

6. ಫಲಶ್ರುತಿ. ಕೊನೆಯಲ್ಲಿ "ಆದುದರಿಂದ ನಾವು ಏನು ಮಾಡಬೇಕು?" ಎಂಬುದಕ್ಕೆ ಎರಡು ಮೂರು ದಾರಿಗಳನ್ನು, ಪ್ರತಿಯೊಂದರ ಫಲದೊಡನೆ ಬರೆಯಬೇಕು.

ನೀರಿನ ಆಯವ್ಯಯ: ಒಂದು ಉದಾಹರಣೆ

ಮೇಲಿನ ಕ್ರಮವನ್ನು ನೀರಿನ ಲೆಕ್ಕಕ್ಕೆ ಅನ್ವಯಿಸಿ ನೋಡೋಣ. ಇಲ್ಲಿನ ಗ್ರಾಮವು ಕಲ್ಪಿತವಾದುದು. ಲೆಕ್ಕದ ರೀತಿ ಮಾತ್ರ ಎಲ್ಲ ಕಡೆಯೂ ಒಂದೇ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರು ನೀರಾಗುವುದು. ಗ್ರಾಮದ ವಿಸ್ತೀರ್ಣ 1,000 ಎಕರೆ, ವರ್ಷದ ಮಳೆ 500 ಮಿಲಿಮೀಟರ್ ಎಂದಿಟ್ಟುಕೊಂಡರೆ ಬಿದ್ದ ನೀರು 202 ಕೋಟಿ ಲೀಟರಿಗೂ ಮೇಲ್ಪಟ್ಟಾಯಿತು. ಗಟ್ಟಿಬಂಡೆಯ ಸೀಮೆಯಲ್ಲಿ ಇದರ ಹತ್ತನೆಯ ಒಂದು ಪಾಲು ಭೂಮಿಯೊಳಕ್ಕೆ ಇಂಗಿತೆಂದು ಭಾವಿಸಿದರೆ, ಬಾವಿಗಳಿಗೆ ಬಂದ ವರಮಾನವು ಸುಮಾರು 20 ಕೋಟಿ 23 ಲಕ್ಷ ಲೀಟರು. ಸಾವಿರ ಜನರಿಗೆ ತಲೆಗೆ ದಿನವೊಂದಕ್ಕೆ 55 ಲೀಟರಿನಂತೆ ಕುಡಿಯುವ ಮತ್ತು ಬಳಸುವ ನೀರಿಗೆ ವರ್ಷಕ್ಕೆ 2 ಕೋಟಿ ಲೀಟರನ್ನು ಮೊದಲು ತೆಗೆದಿಡಬೇಕು. ಉಳಿಯುವುದು ಸುಮಾರು 18 ಕೋಟಿ 22 ಲಕ್ಷ.

ಇನ್ನು ಖರ್ಚಿನ ಬಾಬು. ಭತ್ತದ ಬೆಳೆಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಎಕರೆಗೆ 48 ಲಕ್ಷ 56 ಸಾವಿರ ಲೀಟರು. ನೀರಾವರಿಯ ರಾಗಿಗೆ 400 ಮಿಲಿಮೀಟರೆಂದು ಹಿಡಿದರೆ 16 ಲಕ್ಷ 19 ಸಾವಿರ. ಕೊಳವೆಬಾವಿಗಳ ಕೆಳಗೆ 60 ಎಕರೆ ಬೇಸಗೆಯ ಭತ್ತವನ್ನು ನಾಟಿಮಾಡಿದರೆ ಖರ್ಚು 29 ಕೋಟಿ 14 ಲಕ್ಷ ಲೀಟರಾಗುವುದು. ಗದ್ದೆಯಲ್ಲಿ ಇಂಗಿದ ನೀರಿನ ಒಂದಂಶವು ಪುನಃ ಬಾವಿಗೆ ಬರುವುದುಂಟು. ಆದರೂ 11 ಕೋಟಿಯಷ್ಟು ಕೊರತೆಯನ್ನು ಅದು ಮುಚ್ಚಲಾರದು. ಆ ಕೊರತೆಯನ್ನು ತುಂಬಿಸುವುದು ಹಿಂದಿನ ವರ್ಷಗಳ ಗಂಟು. ಕೂತು ತಿನ್ನುವವನಿಗೆ ಕುಡಿಕೆ ಹಣ ಸಾಲದೆಂಬ ಗಾದೆಯು ನೀರಿಗೂ ಸಲ್ಲುವುದು.

ಇದಕ್ಕೆ ಬದಲಾಗಿ 20 ಎಕರೆ ಭತ್ತವನ್ನೂ 50 ಎಕರೆ ರಾಗಿಯನ್ನೂ ಬೆಳೆದರೆ ಖರ್ಚು 17 ಕೋಟಿ 80 ಲಕ್ಷ ಲೀಟರು. ದನಕರುಗಳಿಗಾಗಿ 42 ಲಕ್ಷ ಲೀಟರು ಉಳಿಯುವುದು. ಬಿತ್ತಿದ ಭೂಮಿಯೂ ಹತ್ತು ಎಕರೆ ಹೆಚ್ಚಾಯಿತು. ಇದಿಷ್ಟನ್ನೂ ಗೋಡೆಯ ಮೇಲೆ ಎರಡು ಹಂಡೆಗಳ ಚಿತ್ರದಿಂದ ತೋರಿಸಬಹುದು. ಒಂದು ಹಂಡೆಯು ವರಮಾನ, ಇನ್ನೊಂದು ಖರ್ಚು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿರುವುದನ್ನು ಕಂಡವನು ವಿವರಣೆಯನ್ನು ಕೇಳಿಯೇ ತೀರುವನು.

ನೆರೆಯ ಸೀಮೆಯ ಅನುಭವ

ಇದು ಬರಿಯ ಕಾಗದದ ಮಾತಲ್ಲ. ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ನಮ್ಮ ಗಡಿಗೆ ಅಂಟಿದ ಅನಂತಪುರ ಮತ್ತು ಚಿತ್ತೂರುಗಳೂ ಸೇರಿದಂತೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಿಂದ 2003ರಲ್ಲಿ ಪ್ರಾರಂಭವಾದ ಒಂದು ಕಾರ್ಯಕ್ರಮದಲ್ಲಿ ರೈತರೇ ಮಳೆಯನ್ನೂ ಬಾವಿಗಳ ನೀರಿನ ಮಟ್ಟವನ್ನೂ ಅಳೆದು ಗ್ರಾಮದ ಫಲಕಗಳ ಮೇಲೆ ಬರೆದರು. ಹಿಂಗಾರಿಗೆ ಮುಂಚೆ ಸಭೆ ಸೇರಿ ನೀರಿನ ಆಯವ್ಯಯವನ್ನು ತಾವೇ ಲೆಕ್ಕಹಾಕಿದರು. ಅಲ್ಲಿ ದಂಡವಾಗಲಿ ಬಲವಂತವಾಗಲಿ ಇರಲಿಲ್ಲ. ಆದರೂ ಅನೇಕರು ಭತ್ತವನ್ನು ಕಡಿಮೆಮಾಡಿ ಅಲ್ಪ ನೀರಿನ ಬೆಳೆಗಳಿಗೆ ತಿರುಗಿದರು. ಪರರು ಬರೆದ ಅಂಕಿಯನ್ನು ಅನುಮಾನದಿಂದ ನೋಡುವ ರೈತನು ತಾನೇ ಹಗ್ಗ ಬಿಟ್ಟು ಅಳೆದ ಬಾವಿಯ ಮಾತನ್ನು ತಳ್ಳಿಹಾಕಲಾರನು. ಭಾರತ ಸರ್ಕಾರದವರು 2019ರ ಡಿಸೆಂಬರ್ 25 ರಂದು ಆರಂಭಿಸಿದ ಅಟಲ್ ಭೂಜಲ ಯೋಜನೆಯಲ್ಲಿಯೂ ಗ್ರಾಮ ಪಂಚಾಯತಿಯ ನೀರಿನ ಆಯವ್ಯಯಕ್ಕೆ ಮುಖ್ಯಸ್ಥಾನವು ಕೊಡಲ್ಪಟ್ಟಿತು. ಅದಕ್ಕೆ ಆಯ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಎಚ್ಚರಿಕೆಗಳು

ಕಥೆಯು ಎಷ್ಟು ಬಲವುಳ್ಳದ್ದೋ ಅಷ್ಟೇ ಅಪಾಯಕರವೂ ಹೌದು.

ಮೊದಲನೆಯದಾಗಿ, ಚಿತ್ರದ ಅಳತೆಯಿಂದ ಮೋಸವಾಗಬಹುದು. ಮುಸುಕಿನ ಜೋಳದ ಧಾರಣೆಯು ಕ್ವಿಂಟಾಲಿಗೆ 2,200 ರೂಪಾಯಿಯಿಂದ 2,300 ರೂಪಾಯಿಗೆ ಏರಿತೆಂದು ಭಾವಿಸೋಣ. ಚಿತ್ರದ ಬುಡವನ್ನು ಸೊನ್ನೆಯಿಂದ ಆರಂಭಿಸದೆ 2,100 ರಿಂದ ಆರಂಭಿಸಿದರೆ ಎರಡನೆಯ ಕಂಬವು ಮೊದಲನೆಯದರ ಎರಡರಷ್ಟು ಎತ್ತರವಾಗಿ ಕಾಣುವುದು. ನಿಜವಾದ ಏರಿಕೆಯಾದರೋ ನೂರಕ್ಕೆ ಐದಕ್ಕಿಂತಲೂ ಕಡಿಮೆ. ಮಾರಲು ಬಂದವರು ತೋರಿಸುವ ಕಂಬಗಳ ಬುಡವನ್ನು ಮೊದಲು ನೋಡತಕ್ಕದ್ದು.

ಎರಡನೆಯದಾಗಿ, ಸರಾಸರಿಯು ಸಂಕಟವನ್ನು ಮುಚ್ಚುವುದು. ವರ್ಷದ ಮಳೆಯು ವಾಡಿಕೆಯಷ್ಟೇ ಆಗಿದ್ದರೂ ಅರ್ಧಕ್ಕೆ ಹೆಚ್ಚು ನಾಲ್ಕೇ ದಿನಗಳಲ್ಲಿ ಸುರಿದು, ಹೂ ಕಟ್ಟುವ ಕಾಲದಲ್ಲಿ ಒಣಗಿದ್ದರೆ ಪೈರಿಗೆ ಆ ಸರಾಸರಿಯಿಂದ ಏನು ಪ್ರಯೋಜನ? ಹಾಗೆಯೇ ಕೆರೆಯ ಕೆಳಗಿನ ನಾಲ್ಕು ಬಾವಿಗಳು ತುಂಬಿದ್ದು, ಮೇಲಿನ ಆರು ಬಾವಿಗಳು ಬತ್ತಿದ್ದರೂ ಸರಾಸರಿ ಮಟ್ಟವು ಸಮಾಧಾನಕರವಾಗಿಯೇ ಕಾಣಬಹುದು. ಬತ್ತಿದ ಬಾವಿಗಳು ಸಾಮಾನ್ಯವಾಗಿ ಸಣ್ಣ ಹಿಡುವಳಿದಾರರವು. ಆಳಕ್ಕೆ ಕೊರೆಯಿಸುವ ಶಕ್ತಿಯಿಲ್ಲದೆ ಸಾಲಕ್ಕೆ ಬೀಳುವವರೂ ಅವರೇ. ಆದುದರಿಂದ ಸರಾಸರಿಯ ಪಕ್ಕದಲ್ಲಿ ಅತ್ಯಂತ ಕೆಳಗಿನ ಬಾವಿಯ ಮಟ್ಟವನ್ನೂ ತಪ್ಪದೆ ಬರೆಯಬೇಕು.

ಮೂರನೆಯದಾಗಿ, ಒಬ್ಬನ ಅದೃಷ್ಟವನ್ನು ಎಲ್ಲರ ಕಥೆಯೆಂದು ಹೇಳಬಾರದು. ಒಬ್ಬನ ಕೊಳವೆಬಾವಿಯಲ್ಲಿ ನಾಲ್ಕು ಇಂಚು ನೀರು ಬಿದ್ದ ಸುದ್ದಿಯು ಊರೆಲ್ಲ ಹರಡುವುದು. ಬರಿದಾದ ಹತ್ತು ಕೊಳವೆಗಳ ಸುದ್ದಿಯನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಫಲಕವು ಎರಡನ್ನೂ ಎಣಿಸಬೇಕು.

ಕೊನೆಯದಾಗಿ, ಯಾರ ಹೆಸರನ್ನೂ ಬರೆದು ಅವಮಾನಪಡಿಸಕೂಡದು. ಅವಮಾನಗೊಂಡವನು ಮುಂದಿನ ವರ್ಷ ತನ್ನ ಬಾವಿಯನ್ನು ಅಳೆಯಗೊಡಿಸುವುದಿಲ್ಲ.

ಮುಖಂಡರ ಕರ್ತವ್ಯ

ಈ ಕಾರ್ಯಕ್ಕೆ ಬೇಕಾದ ಸಾಮಗ್ರಿಯು ಅತ್ಯಲ್ಪ. ಗಂಟು ಹಾಕಿದ ಒಂದು ಅಳತೆಯ ಹಗ್ಗ, ಒಂದು ದಫ್ತರ, ಸುಣ್ಣ ಬಳಿದ ಗೋಡೆ, ಎರಡು ಬಣ್ಣ. ಗ್ರಾಮದ ಬೇರೆಬೇರೆ ದಿಕ್ಕುಗಳಲ್ಲಿ ಐದಾರು ಬಾವಿಗಳನ್ನು ಆರಿಸಿ, ಪ್ರತಿ ತಿಂಗಳೂ ಒಂದೇ ದಿನ, ಪಂಪುಗಳನ್ನು ನಿಲ್ಲಿಸಿದ ಬೆಳಗಿನ ಹೊತ್ತಿನಲ್ಲಿ ನೀರಿನ ಮಟ್ಟವನ್ನು ಅಳೆಯಿಸಬೇಕು. ಮಳೆಯ ಲೆಕ್ಕವನ್ನು ಪಂಚಾಯತಿಯಿಂದ ಪಡೆಯಬಹುದು. ಶಾಲೆಯ ಮಕ್ಕಳಿಂದ ಅಳೆಯಿಸಿದರೆ ಅಂಕಿಗಳು ರಾತ್ರಿಯ ಊಟದ ಹೊತ್ತಿಗೆ ಎಲ್ಲ ಮನೆಗಳನ್ನೂ ಸೇರುವುವು. ಮುಂಗಾರು ಮುಗಿದು ಹಿಂಗಾರಿನ ಬೀಜವನ್ನು ಕೊಳ್ಳುವುದಕ್ಕೆ ಮುಂಚೆ ಗ್ರಾಮಸಭೆಯನ್ನು ಸೇರಿಸಿ, ಫಲಕದ ಮುಂದೆ ನಿಂತು ಕಥೆಯನ್ನು ಓದಿಸಬೇಕು. ನಾಟಿ ಮುಗಿದ ಮೇಲೆ ಓದಿದ ಲೆಕ್ಕವು ಬೆಳೆಗೆ ಉಪಯೋಗವಾಗದು.

ಭೂಮಾಲೀಕರಲ್ಲಿ ಒಂದು ವಿಶೇಷ ವಿಜ್ಞಾಪನೆ. ಗ್ರಾಮದಲ್ಲಿ ಹೆಚ್ಚು ನೀರನ್ನು ಎತ್ತತಕ್ಕವರು ತಮ್ಮ ಬಾವಿಯ ಅಂಕಿಯನ್ನು ಮೊದಲು ತಾವಾಗಿ ಬರೆಸಿದರೆ ಉಳಿದವರು ಹಿಂಜರಿಯಲಾರರು. ಭೂಮಿಯ ಮೇಲೆ ಬದುಗಳಿಂದ ಹೊಲಗಳು ಬೇರೆಬೇರೆಯಾಗಿರುವುವು. ಭೂಮಿಯೊಳಗಿನ ನೀರಿಗೆ ಬದುವಿಲ್ಲ. ಒಬ್ಬನು ಎತ್ತಿದ ನೀರು ಪಕ್ಕದವನ ಬಾವಿಯಲ್ಲಿ ಇಳಿಯುವುದು. ಈ ಸಂಗತಿಯನ್ನು ಜನರ ಕಣ್ಣಿಗೆ ಕಾಣುವಂತೆ ಮಾಡಿದರೆ ಫಲಕವು ತನ್ನ ಕೆಲಸವನ್ನು ಮಾಡಿದಂತಾಯಿತು. ಇನ್ನೂ ಹೆಚ್ಚಿನ ವಿವರಗಳು ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.